ನಮ್ಮ ಬಚ್ಚಲುಮನೆಯ ಚಿಲಕ

ನನ್ನ ಯಜಮಾನರು ಇಪ್ಪತ್ತೆರಡು ವರ್ಷದಿಂದ ಮೈಕಿನ ಮುಂದೆ ನಿಲ್ಲುತ್ತಿದ್ದಾರೆ. ಅಷ್ಟು ವರ್ಷಗಳಲ್ಲಿ ಅವರು ಮೈಕಿನಲ್ಲಿ ಆಡಿದ ಮಾತು ಒಟ್ಟು ಐದು: ಹಲೋ, ಚೆಕ್, ಒಂದು, ಎರಡು, ಮೂರು. ನಾಲ್ಕು ಅನ್ನುವಷ್ಟರಲ್ಲಿ ಯಾರಾದರೂ ದೊಡ್ಡವರು ಬಂದು ಮೈಕು ಹಿಡಿದುಕೊಳ್ಳುತ್ತಾರೆ, ಇವರು ಬಗ್ಗಿಕೊಂಡು ವೇದಿಕೆಯ ಹಿಂದಕ್ಕೆ ಸರಿಯುತ್ತಾರೆ. ಬಾಡಿಗೆ ಮೈಕ್‌ಸೆಟ್ಟಿನವರ ಬಾಳೇ ಅಷ್ಟು. ಬೀದಿಯವರು ಇವರನ್ನು ಕರೆಯುವುದು ಹಲೋಚೆಕ್ ಎಂದೇ. ನಮ್ಮ ಅತ್ತೆಗೂ ಒಮ್ಮೊಮ್ಮೆ ಮಗನ ಹೆಸರಿನ ಬದಲು ಅದೇ ಬಾಯಿಗೆ ಬಂದುಬಿಡುತ್ತದೆ.

ಆದರೆ ಇವರಿಗೆ ತಮ್ಮ ಬಗ್ಗೆ ಒಂದು ಗುಟ್ಟಾದ ನಂಬಿಕೆ ಇತ್ತು. ಊಟಕ್ಕೆ ಕೂತಾಗ ಅದು ಹೊರಬೀಳುತ್ತಿತ್ತು. ನಾಲ್ಕು ಸಾವಿರ ಭಾಷಣ ಕೇಳಿದ್ದೇನೆ, ಎಲ್ಲಿ ಕೆಮ್ಮಬೇಕು, ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕು ಎಲ್ಲವೂ ಗೊತ್ತು, ಅವಕಾಶ ಒಂದು ಸಿಗಲಿಲ್ಲ ಅಷ್ಟೆ, ಎನ್ನುತ್ತಿದ್ದರು. ನಾನು ಬಡಿಸುತ್ತಾ ಹೂಂ ಅನ್ನುತ್ತಿದ್ದೆ. ಆ ಹೂಂಗಳಿಗೆಲ್ಲ ಈಗ ನಾನೇ ಹೊಣೆ.

ನಮ್ಮ ಪುಟ್ಟಿಗೆ ಹನ್ನೊಂದು ವರ್ಷ. ಶಾಲೆಗೆ ಕಳಿಸುವಾಗ ತುಂಬಿಸಿಕೊಟ್ಟ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ವಾಪಸು ಬರುತ್ತಿತ್ತು. ಮೊದಲು ಮರೆವು ಅಂದುಕೊಂಡೆ, ಆಮೇಲೆ ಹಟ ಅಂದುಕೊಂಡೆ. ಒಂದು ದಿನ ತಲೆ ಬಾಚುವಾಗ ಮೆಲ್ಲಗೆ ಕೇಳಿದ್ದಕ್ಕೆ, ಅಪ್ಪನಿಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡು ಹೇಳಿದಳು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವೇ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಒಳಗಿನವಳು ಗಳಿಗೆಗೊಮ್ಮೆ "ಇದ್ದೀಯಾ?" ಅನ್ನುವುದು, ಹೊರಗಿನವಳು "ಇದ್ದೀನಿ" ಅನ್ನುವುದು. ಬಾಗಿಲು ಹಿಡಿಯುವ ಗೆಳತಿ ರಜಾ ಹಾಕಿದ ದಿನ ಇವಳು ನೀರೇ ಮುಟ್ಟುವುದಿಲ್ಲ. ಗೆಳತಿ ಬಂದ ದಿನವೂ ಯಾಕೆ ಸುಮ್ಮನೆ ತೊಂದರೆ ಎಂದು ಮುಟ್ಟುವುದಿಲ್ಲ.

ನಾನು ಎರಡು ಸಲ ಹೆಡ್ ಮೇಡಂ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಕಡತ ತೆಗೆದು ತೋರಿಸಿದರು. ಶೌಚಾಲಯವನ್ನು ಶಾಸಕರು ಎರಡು ವರ್ಷದ ಹಿಂದೆಯೇ ಉದ್ಘಾಟಿಸಿದ್ದಾರೆ, ಗೋಡೆಯಲ್ಲಿ ಅವರ ಹೆಸರಿನ ಕಲ್ಲೂ ಇದೆ. ಉದ್ಘಾಟನೆಯಾದದ್ದು ಕಾಗದದ ಪ್ರಕಾರ ಪೂರ್ತಿಯಾದದ್ದು. ಪೂರ್ತಿಯಾದದ್ದಕ್ಕೆ ಚಿಲಕ ಕೇಳಲು ಯಾವ ನಮೂನೆಯಲ್ಲೂ ಜಾಗವಿಲ್ಲ. ಹಾಗಾದರೆ ನಾನೇ ಒಂದು ತಂದು ಹಾಕಿಸಲೇ ಎಂದೆ. ಸರ್ಕಾರದ ಬಾಗಿಲಿಗೆ ಹೊರಗಿನವರ ಮೊಳೆ ಬೀಳಬಾರದು ಎಂದರು.

ಹೀಗಿರುವಾಗ ಶಾಸಕರು ಶಾಲೆಗೆ ಬರುತ್ತಾರೆ, ಮಕ್ಕಳೊಂದಿಗೆ ಒಂದು ಗಂಟೆ ನೇರವಾಗಿ ಮಾತಾಡುತ್ತಾರೆ ಎಂದು ಸುದ್ದಿಯಾಯಿತು. ಪಕ್ಕದ ಕ್ಷೇತ್ರದ ಶಾಸಕರು ಹಾಗೆ ಮಾಡಿ ಒಳ್ಳೆಯ ಹೆಸರು ತೆಗೆದುಕೊಂಡಿದ್ದರಂತೆ. ಮಕ್ಕಳಿಗೆ ಮತವಿಲ್ಲ ನಿಜ, ಆದರೆ ಬಾಯಿದೆ, ಆ ಬಾಯಿ ಸಂಜೆ ಮನೆಗೆ ಹೋಗುತ್ತದೆ, ಎಂದು ಶಾಸಕರ ಆಪ್ತ ಸಹಾಯಕರು ಲೆಕ್ಕ ಹಾಕಿದ್ದರು. ನೇರ ಮಾತುಕತೆ ತೀರಾ ನೇರವಾಗಿಬಿಡಬಾರದಲ್ಲ. ಅದಕ್ಕೆ ಹತ್ತು ಪ್ರಶ್ನೆಗಳನ್ನು ಅವರೇ ಬರೆದು ಕಳಿಸಿದರು. ಹತ್ತು ಮಕ್ಕಳಿಗೆ ಒಂದೊಂದು. ನಮ್ಮ ಪುಟ್ಟಿಗೆ ಹತ್ತನೆಯದು: ಸರ್, ನಿಮ್ಮ ಯಶಸ್ಸಿನ ಗುಟ್ಟೇನು?

ಮೈಕಿನ ಕೆಲಸ ಇವರದೇ. ಶಾಸಕರ ಸಭೆಗಳಿಗೆಲ್ಲ ನಮ್ಮದೇ ಮೈಕು, ನಮ್ಮ ಮನೆ ನಡೆಯುವುದು ಅದರಿಂದಲೇ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಎಲ್ಲ ಜೋಡಿಸಿದರು. ಶಾಸಕರ ಮಾತು ಬೀದಿಗೂ ಕೇಳಲಿ ಎಂದು ಶಾಲೆಯ ಮಾಡಿನ ಮೇಲೆ ದೊಡ್ಡ ಹಾರನ್ ಕಟ್ಟಿದರು. ಆಮೇಲೆ ಹೆಡ್ ಮೇಡಂ ಮಕ್ಕಳಿಗೆ ತಾಲೀಮು ಮಾಡಿಸಲು ಹೊರಟರು. ಖಾಲಿ ಕುರ್ಚಿಗೆ ಪ್ರಶ್ನೆ ಕೇಳಿ ಎಂದರೆ ಮಕ್ಕಳು ಕಿಸಿಕಿಸಿ ನಗುತ್ತವೆ. ಯಾರನ್ನಾದರೂ ಕೂರಿಸಬೇಕು. ಸುತ್ತ ನೋಡಿದರೆ ಶಾಸಕರ ಅಳತೆಯ ಹೊಟ್ಟೆ ಇದ್ದದ್ದು ಇವರೊಬ್ಬರಿಗೇ. ಸುಮ್ಮನೆ ಕೂತಿರಿ, ಪ್ರತಿ ಪ್ರಶ್ನೆಗೂ 'ಒಳ್ಳೆಯ ಪ್ರಶ್ನೆ' ಅನ್ನಿ, ಸಾಕು, ಎಂದು ಮೇಡಂ ಹೇಳಿದರು.

ನಾನು ಆಗ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅತ್ತೆ ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದರು. ಇದ್ದಕ್ಕಿದ್ದಂತೆ ಹಾರನ್ ಗರಗರ ಎಂದಿತು. "ಒಳ್ಳೆಯ ಪ್ರಶ್ನೆ" ಎಂದು ಬೀದಿ ತುಂಬ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ, "ಒಳ್ಳೆಯ ಪ್ರಶ್ನೆ." ಅತ್ತೆ ಸೂಜಿ ನಿಲ್ಲಿಸಿದರು.

"ಈ ಶಾಸಕರ ಗಂಟಲು ನಮ್ಮವನ ಗಂಟಲಿದ್ದ ಹಾಗೇ ಇದೆ ಅಲ್ಲವೇನೇ?" ಎಂದರು. ಆಮೇಲೆ ತಾವೇ ಯೋಚಿಸಿ, "ಅಲ್ಲ ಬಿಡು, ನಮ್ಮವನು ಇಷ್ಟೊಂದು ಮಾತಾಡಲ್ಲ" ಎಂದು ಮತ್ತೆ ಗುಂಡಿಗೆ ಕೈ ಹಾಕಿದರು.

ಒಂಬತ್ತು ಒಳ್ಳೆಯ ಪ್ರಶ್ನೆಗಳಾದವು. ಹತ್ತನೆಯದಕ್ಕೆ ಪುಟ್ಟಿ ಎದ್ದು ನಿಂತಳು. ಅವಳು ಆಮೇಲೆ ನನಗೆ ಹೇಳಿದ್ದು ಇಷ್ಟು: ಕುರ್ಚಿ ಶಾಸಕರದು, ಕೂತಿದ್ದು ಅಪ್ಪ, ಯಶಸ್ಸಿನ ಗುಟ್ಟೇನು ಅಂತ ಅಪ್ಪನನ್ನು ಕೇಳುವುದು ಚೆನ್ನಾಗಿರಲ್ಲ ಅನ್ನಿಸಿತಂತೆ. ಶಾಸಕರನ್ನು ಕೇಳಬೇಕಾದ್ದನ್ನು ಅಪ್ಪನನ್ನು ಕೇಳಬಹುದು, ಅಪ್ಪನಿಗೆ ಹೇಳಲಾಗದ್ದನ್ನು ಶಾಸಕರಿಗೆ ಹೇಳಬಹುದು ಎಂದು ಹೊಳೆಯಿತಂತೆ.

"ಸರ್, ನಮ್ಮ ಶೌಚಾಲಯದ ಬಾಗಿಲಿಗೆ ಎರಡು ವರ್ಷದಿಂದ ಚಿಲಕ ಇಲ್ಲ. ನಾವು ಸಂಜೆವರೆಗೂ ನೀರು ಕುಡಿಯಲ್ಲ" ಎಂದಳು.

ಇವರಿಗೆ ಈ ವಿಷಯ ಗೊತ್ತಿರಲಿಲ್ಲ. ಒಂದು ನಿಮಿಷ ಹಾರನ್‌ನಲ್ಲಿ ಬರೀ ಉಸಿರಾಟ. ಆಮೇಲೆ ಒಂದು ಕೆಮ್ಮು, ಸರಿಯಾದ ಜಾಗದ ಕೆಮ್ಮು. "ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಆ ಬಾಗಿಲಿಗೆ ಚಿಲಕ ಇರುತ್ತೆ. ಇದು ನನ್ನ ಮಾತು."

ಅಲ್ಲಿಗೆ ತಾಲೀಮು ಕೈತಪ್ಪಿತು. ಕುರ್ಚಿ ಉತ್ತರ ಕೊಡುತ್ತದೆ ಎಂದು ಗೊತ್ತಾದ ಮೇಲೆ ಮಕ್ಕಳು ಬಿಡುತ್ತಾರೆಯೇ? ಗೇಟಿಗೆ ಅಡ್ಡವಾಗಿ ಸುರಿದ ಜಲ್ಲಿರಾಶಿ ಮೇಲೆ ನಾವು ದಿನಾ ಜಾರಿ ಬೀಳ್ತೀವಿ ಎಂದು ಒಬ್ಬ ಹೇಳಿದ. ಆ ಜಲ್ಲಿ ಇವತ್ತೇ ತೆಗೆಸ್ತೀನಿ ಎಂದರು ಇವರು. ಪುಸ್ತಕದ ಬೀರುವಿನ ಬೀಗದಕೈ ಕಳೆದು ಒಂದು ವರ್ಷವಾಯಿತು ಎಂದಳು ಇನ್ನೊಬ್ಬಳು. ಹುಡುಕಿಸ್ತೀನಿ ಎಂದರು. ಮೇಡಂ ಕೈಬೀಸಿ ಬೀಸಿ ಸೋತು ಕೊನೆಗೆ ತಂತಿಯನ್ನೇ ಗೋಡೆಯಿಂದ ಕಿತ್ತರು. ಇಪ್ಪತ್ತೆರಡು ವರ್ಷದಿಂದ ಮೈಕು ಆನ್ ಇದೆ, ಹುಷಾರಾಗಿ ಮಾತಾಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದ ನನ್ನ ಗಂಡನಿಗೆ, ತಮ್ಮ ಮುಂದಿನ ಮೈಕು ಆನ್ ಇತ್ತು ಎಂಬುದು ಆಗ ತಿಳಿಯಿತು.

ಬೀದಿಯಲ್ಲಿ ಮಾತ್ರ, ಶಾಸಕರು ಮಾತಾಡುತ್ತಿರುವಾಗಲೇ ಕರೆಂಟು ತೆಗೆದರು ಎಂದು ವಿದ್ಯುತ್ ಕಚೇರಿಯವರಿಗೆ ಬೈಗುಳ ಬಿತ್ತು. ನಮ್ಮ ಪಕ್ಕದ ಮನೆಯ ದರ್ಜಿ ಅಂಗಡಿ ಬಿಟ್ಟು ಗೇಟಿಗೆ ಓಡಿದರು. ಅವರ ಹಿಂದೆ ಹತ್ತಿಪ್ಪತ್ತು ಜನ. ಮೇಡಂ ಹೊರಗೆ ಬಂದು, ಶಾಸಕರು ಬಂದಿಲ್ಲ, ಬರುವುದು ನಾಳೆ, ಇದು ಬರೀ ತಾಲೀಮು ಎಂದು ಕೈ ಮುಗಿದರು. ದರ್ಜಿ ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿ, ದೊಡ್ಡವರು ಬಂದಾಗ ಹಾಗೇ ಹೇಳಬೇಕು, ಭದ್ರತೆಯ ವಿಷಯ, ಎಂದು ವಿವರಿಸಿದರು. ಮೇಡಂ ಅಲ್ಲ ಅಲ್ಲ ಎಂದಷ್ಟೂ ಹೌದು ಹೌದು ಎಂದಾಯಿತು.

ಸಂಜೆ ಐದಕ್ಕೆ ಜಲ್ಲಿರಾಶಿ ಮಾಯ. ರಸ್ತೆ ಇಂಜಿನಿಯರ್ ಖುದ್ದಾಗಿ ನಿಂತು ತೆಗೆಸಿದರು. ಶಾಸಕರು ತಮ್ಮ ರಸ್ತೆಗೆ ಬಂದರೂ ತಾವು ಎದುರಿಗೆ ಇರಲಿಲ್ಲವಲ್ಲ ಎಂಬ ಭಯ ಅವರಿಗೆ. ನೀವು ಬಂದಿದ್ದಿರಾ ಸರ್ ಎಂದು ಶಾಸಕರನ್ನೇ ಕೇಳಿದರೆ ತಾವು ಇರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ, ಹಾಗಾಗಿ ಕೇಳಲಿಲ್ಲ. ಫೋನು ಮಾಡಿ, ಸಾಹೇಬರು ಶಾಲೆಯಲ್ಲಿ ಆಜ್ಞೆ ಮಾಡಿದಂತೆ ಕೆಲಸ ಮುಗಿಸಿದ್ದೇನೆ ಎಂದಷ್ಟೇ ಆಪ್ತ ಸಹಾಯಕರಿಗೆ ತಿಳಿಸಿದರು. ಆಪ್ತ ಸಹಾಯಕರು ತಮಗೆ ಹೇಳದೆ ಸಾಹೇಬರು ಎಲ್ಲಿಗೆಲ್ಲ ಹೋಗುತ್ತಿದ್ದಾರೆ ಎಂದು ಕಂಗಾಲಾದರು, ಆದರೆ ಹಾಗೆ ಕೇಳುವುದು ಹೇಗೆ? ಶಾಲೆಯಲ್ಲಿ ಒಳ್ಳೆಯ ಮಾತಾಡಿದಿರಿ ಸರ್ ಎಂದು ಶಾಸಕರಿಗೆ ಹೇಳಿದರು. ಶಾಸಕರು ದಿನಕ್ಕೆ ಎಂಟು ಸಭೆ ಮಾಡುವವರು. ಹೋಗಿದ್ದರೂ ಹೋಗಿರಬಹುದು ಎಂದು ಅವರೂ ಸುಮ್ಮನಾದರು. ಹೆಡ್ ಮೇಡಂ ತಮ್ಮ ಕೈಚೀಲ ಸುರಿದು ನೋಡಿದರೆ ಬೀರುವಿನ ಬೀಗದಕೈ ಅದರ ತಳದಲ್ಲೇ ಇತ್ತು. ಇದನ್ನು ಶಾಸಕರು ಎಲ್ಲಿ ಕೂತು ಕಂಡುಹಿಡಿದರು ಎಂದು ಒಂದು ಗಳಿಗೆ ಅವರಿಗೂ ಗೊಂದಲವಾಯಿತಂತೆ, ಪಾಪ.

ಇವರು ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಗೋಡೆಗೆ ಒರಗಿ ಕೂತು ಎಲ್ಲ ಹೇಳಿದರು. ಶಾಸಕರ ಹೆಸರಲ್ಲಿ ಮಾತು ಕೊಟ್ಟೆ ಎಂದು ಗೊತ್ತಾದರೆ ಮೈಕಿನ ಕೆಲಸ ನಾಳೆಗೇ ಕೊನೆ, ಎಂದರು.

ಹಾಗಾದರೆ ಸುಮ್ಮನಿದ್ದುಬಿಡಿ, ಮಾತು ಕೊಟ್ಟದ್ದು ಕುರ್ಚಿ, ನೀವಲ್ಲ, ಎಂದೆ ನಾನು.

ಅವರು ತಲೆ ಕೆರೆದುಕೊಂಡರು. "ಕುರ್ಚಿ ಏನಾದ್ರೂ ಮಾಡ್ಕೊಳ್ಳಲಿ ಕಣೇ. ಪ್ರಶ್ನೆ ಕೇಳಿದ್ದು ನನ್ನ ಮಗಳಲ್ವಾ?"

ಮರುದಿನ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದವರು ಹೋದಷ್ಟೇ ವೇಗದಲ್ಲಿ ಹೊರಗೆ ಬಂದರು. ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಚಿಲಕದ ಜಾಗಕ್ಕೆ ನಾಲ್ಕು ತೂತುಗಳಿದ್ದವು. ಕಬ್ಬಿಣದ ಸಾಮಾನಿನ ಅಂಗಡಿಗಳು ಹಿಂದಿನ ರಾತ್ರಿಯೇ ಮುಚ್ಚಿದ್ದವು, ಆ ದಿನ ಅವಕ್ಕೆಲ್ಲ ವಾರದ ರಜೆ. ಹತ್ತು ಗಂಟೆಯೊಳಗೆ ಎಂದು ಊರಿಗೆಲ್ಲ ಸಾರಿಯಾಗಿದೆ. ಇವರು ಸ್ಕ್ರೂಡ್ರೈವರ್ ಹಿಡಿದು ಏಳು ಗಂಟೆಗೇ ಶಾಲೆಗೆ ಹೋಗಿಬಿಟ್ಟಿದ್ದರು.

ಈ ಚಿಲಕದ ಬಗ್ಗೆ ಎರಡು ಮಾತು ಹೇಳಬೇಕು. ಅದು ನಮ್ಮ ಮಾವನವರ ಕಾಲದ ಕಬ್ಬಿಣ. ಹಾಕುವುದು ಸುಲಭ, ತೆಗೆಯುವುದು ಒಂದು ವಿದ್ಯೆ. ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಬಾಗಿಲಿಗೆ ಸೊಂಟದಿಂದ ಒಂದು ಪೆಟ್ಟು ಕೊಟ್ಟು, ಅದೇ ಗಳಿಗೆಯಲ್ಲಿ ಎಳೆಯಬೇಕು. ಒಮ್ಮೆ ಬಂದ ನೆಂಟರೊಬ್ಬರು ಮುಕ್ಕಾಲು ಗಂಟೆ ಒಳಗೇ ಉಳಿದು, ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಆ ಉಪಾಯ ಗೊತ್ತಿರುವುದು ಲೋಕದಲ್ಲಿ ನಾಲ್ಕೇ ಜನಕ್ಕೆ: ಅತ್ತೆ, ಇವರು, ನಾನು, ಪುಟ್ಟಿ.

ಹತ್ತೂವರೆಗೆ ಶಾಸಕರು ಬಂದರು. ತಾಯಂದಿರಿಗೆ ಹಿಂದಿನ ಬೆಂಚು ಹಾಕಿದ್ದರು, ನಾನೂ ಕೂತೆ. ಇವರು ವೇದಿಕೆಯ ಬಟ್ಟೆಯ ಹಿಂದೆ ಯಂತ್ರದ ಪಕ್ಕದಲ್ಲಿ ಮುದುಡಿ ಕೂತಿದ್ದರು, ಚಪ್ಪಲಿ ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಪುಟ್ಟಿಗೆ, ಚಿಲಕದ ಬಗ್ಗೆ ಬಾಯಿ ಬಿಡಬೇಡ, ಅಪ್ಪನ ಕೆಲಸದ ಪ್ರಶ್ನೆ, ಎಂದು ಹೇಳಿದ್ದಾಗಿತ್ತು.

ಶಾಸಕರು ಎದ್ದು, "ನಿನ್ನೆ ನಾನು ಇಲ್ಲಿಗೆ ಬಂದಾಗ ಹೇಳಿದ ಹಾಗೆ" ಎಂದು ಶುರು ಮಾಡಿ, ಮೆಲ್ಲಗೆ ಆಪ್ತ ಸಹಾಯಕರ ಮುಖ ನೋಡಿದರು. ಅವರು ಹೌದೆಂದು ತಲೆಯಾಡಿಸಿದರು. ಇಂಜಿನಿಯರ್ ಅದಕ್ಕಿಂತ ಜೋರಾಗಿ ಆಡಿಸಿದರು. ಮಕ್ಕಳು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಶ್ನೆ ಕೇಳಿ ಎಂದರೆ ಯಾರೂ ಏಳಲಿಲ್ಲ. ಕೊನೆಗೆ ಒಬ್ಬ, ನಮ್ಮದೆಲ್ಲ ನಿನ್ನೆಯೇ ಮುಗೀತು ಸರ್, ಚಿಲಕಾನೂ ಬಂತು, ಎಂದ.

ಶಾಸಕರಿಗೆ ಖುಷಿಯಾಯಿತು. ತಾವು ಕೊಟ್ಟ ನೆನಪೇ ಇಲ್ಲದ ಮಾತು ಇಷ್ಟು ಬೇಗ ನೆರವೇರಿದ್ದು ಅವರ ರಾಜಕೀಯ ಜೀವನದಲ್ಲಿ ಇದೇ ಮೊದಲಿರಬೇಕು. ನೋಡಿಯೇ ಬಿಡೋಣ ಎಂದು ಹೊರಟರು. ಎಲ್ಲರೂ ಹಿಂದೆ ಹೋದೆವು. ಶೌಚಾಲಯದ ಗೋಡೆಯಲ್ಲಿ ಅವರ ಹೆಸರಿನ ಕಲ್ಲು, ಪಕ್ಕದಲ್ಲಿ ಬಾಗಿಲು, ಬಾಗಿಲಿನ ಮೇಲೆ ನಮ್ಮ ಚಿಲಕ. ಹೊರಗಡೆ.

ಇವರು ಚಿಲಕ ಹಾಕಿದ್ದರು, ಸರಿ, ಆದರೆ ಬಾಗಿಲ ಹೊರಮೈಗೆ ಹಾಕಿದ್ದರು.

ಯಾರೂ ಅದನ್ನು ಗಮನಿಸಲಿಲ್ಲ. ಶಾಸಕರು ಒಳಗೆ ಹೋಗಿ ಗೋಡೆ, ಕಿಟಕಿ ಎಲ್ಲ ನೋಡುತ್ತಿದ್ದರು. ಪತ್ರಿಕೆಯ ಫೋಟೋದವರು, ಚಿಲಕ ಹಾಕಿದ ಹಾಗೆ ಇದ್ದರೆ ಚಿತ್ರ ಚೆನ್ನಾಗಿ ಬರುತ್ತೆ ಎಂದರು. ಒಂದು ಗಳಿಗೆ ತಾನೇ ಎಂದು ಆಪ್ತ ಸಹಾಯಕರು ಬಾಗಿಲು ಮುಂದಕ್ಕೆ ತಳ್ಳಿ, ಚಿಲಕ ಹಾಕಿದರು. ಚಿತ್ರ ಚೆನ್ನಾಗಿ ಬಂತು. ಚಿಲಕ ತೆಗೆಯಲು ಬರಲಿಲ್ಲ.

ಆಪ್ತ ಸಹಾಯಕರು ಎಳೆದರು, ಇಂಜಿನಿಯರ್ ಗುದ್ದಿದರು, ಅದು ಇನ್ನಷ್ಟು ಬಿಗಿಯಾಯಿತು. ಒಳಗಿನಿಂದ ಮೊದಲು ಗಂಭೀರವಾದ ಒಂದು ತಟ್ಟು, ಆಮೇಲೆ ಅಷ್ಟೇನೂ ಗಂಭೀರವಲ್ಲದ ನಾಲ್ಕು. ಇಂಜಿನಿಯರ್ ಸಲಾಕಿ ತರಲು ಓಡಿದರು. ಮೇಡಂ ಬಡಗಿಗೆ ಫೋನು ಮಾಡಲು ಕಚೇರಿಗೆ ಓಡಿದರು. ಆಪ್ತ ಸಹಾಯಕರು ಫೋಟೋದವರನ್ನು ಹಿಡಿದುಕೊಂಡು ಗೇಟಿನವರೆಗೂ ಓಡಿದರು, ಈ ಸ್ಥಿತಿಯ ಚಿತ್ರ ಬರಬಾರದೆಂದು. ಎರಡು ನಿಮಿಷದಲ್ಲಿ ಅಲ್ಲಿ ಉಳಿದದ್ದು ಮಕ್ಕಳು, ನಾವು ಕೆಲವು ತಾಯಂದಿರು, ಮತ್ತು ಸದ್ದು ಕೇಳಿ ಬಂದು ಕಂಬದ ಹಿಂದೆ ನಿಂತ ಇವರು.

ಒಳಗೆ ತಟ್ಟುವುದು ನಿಂತಿತು. ಆಮೇಲೆ ಸಣ್ಣ ದನಿ ಬಂತು.

"ಯಾರಾದ್ರೂ ಇದ್ದೀರಾ?"

ಮಕ್ಕಳಿಗೆ ಯೋಚಿಸಬೇಕಾಗಿರಲಿಲ್ಲ, ಅಭ್ಯಾಸ. ಹುಡುಗಿಯರೆಲ್ಲ ಒಟ್ಟಿಗೆ, "ಇದ್ದೀವಿ" ಎಂದರು.

ಶಾಸಕರಿಗೆ ಸ್ವಲ್ಪ ಧೈರ್ಯ ಬಂದಿರಬೇಕು. ನೀವೆಲ್ಲ ಯಾವ ತರಗತಿ, ಇಲ್ಲೇ ನಿಂತಿರುತ್ತೀರಾ ಎಂದು ಕೇಳಿದರು. ದಿನಾ ಇಲ್ಲೇ ನಿಂತಿರ್ತೀವಿ ಸರ್, ನಿಮ್ಮ ಹೆಸರಿನ ಕಲ್ಲಿಗೆ ಬೆನ್ನು ಕೊಟ್ಟು ಬಾಗಿಲು ಹಿಡ್ಕೋತೀವಿ, ಎಂದಳು ಪುಟ್ಟಿಯ ಗೆಳತಿ. ಎಷ್ಟು ದಿನದಿಂದ? ನೀವು ರಿಬ್ಬನ್ ಕತ್ತರಿಸಿದ ಮಾರನೇ ದಿನದಿಂದ. ಹಾಗೇ ಒಂದೊಂದಾಗಿ ಬಾಟಲಿಯ ನೀರು, ರಜಾ ಹಾಕಿದ ಗೆಳತಿ, ಹೊಟ್ಟೆನೋವು ಎಲ್ಲ ಹೊರಗೆ ಬಂತು. ಎದುರಿಗೆ ಮುಖವಿಲ್ಲದ್ದರಿಂದಲೋ ಏನೋ, ಹತ್ತು ನಿಮಿಷದಲ್ಲಿ ಆ ಮಕ್ಕಳು ಆಡಿದಷ್ಟು ಮಾತನ್ನು ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ.

"ಇದನ್ನ ನನಗೆ ಯಾರೂ ಹೇಳಲೇ ಇಲ್ಲ" ಎಂದಿತು ಬಾಗಿಲು.

"ನಿಮ್ಮ ಹತ್ತು ಪ್ರಶ್ನೇಲಿ ಇದು ಇರಲಿಲ್ಲ ಸರ್."

ನಾನು ಇವರನ್ನು ನೋಡಿದೆ, ಇವರು ನನ್ನನ್ನು ನೋಡಿದರು. ಚಿಲಕದ ಉಪಾಯ ಬಲ್ಲ ನಾಲ್ವರಲ್ಲಿ ಮೂವರು ಅಲ್ಲೇ ಇದ್ದೆವು. ಮೂವರೂ ಗೋಡೆ ನೋಡುತ್ತಿದ್ದೆವು. ತೆಗೆದರೆ ಚಿಲಕ ಯಾರ ಮನೆಯದು ಎಂದು ಗೊತ್ತಾಗುತ್ತದೆ, ಚಿಲಕ ಗೊತ್ತಾದರೆ ನಿನ್ನೆಯ ಗಂಟಲು ಯಾರದು ಎಂದೂ ಗೊತ್ತಾಗುತ್ತದೆ.

"ಸ್ವಲ್ಪ ಇಲ್ಲೇ ಇರಿ ಮಕ್ಕಳೇ, ಹೋಗಬೇಡಿ" ಎಂದರು ಶಾಸಕರು. ಅಧಿಕಾರದ ದನಿ ಅಲ್ಲ ಅದು.

ಪುಟ್ಟಿ ಗೋಡೆ ನೋಡುವುದನ್ನು ನಿಲ್ಲಿಸಿದಳು. ಕಂಬದ ಕಡೆ ತಿರುಗಿ, "ಅಪ್ಪ, ತೆಗೀಲಾ?" ಎಂದಳು.

ಇವರು ಕೆಮ್ಮಲಿಲ್ಲ, ನೀರು ಕುಡಿಯಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. "ತೆಗಿ ಮಗಾ" ಎಂದರು.

ಅವಳು ಹಿಡಿ ಎತ್ತಿದಳು, ಸೊಂಟದಿಂದ ಒಂದು ಕೊಟ್ಟಳು, ಎಳೆದಳು. ಬಾಗಿಲು ತೆರೆಯಿತು. ಶಾಸಕರ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಅಷ್ಟೊತ್ತಿಗೆ ಸಲಾಕಿ, ಬಡಗಿ, ಆಪ್ತ ಸಹಾಯಕರು ಎಲ್ಲ ವಾಪಸು ಬಂದರು. ನಿನಗೆ ಹೇಗೆ ಗೊತ್ತು ಈ ಉಪಾಯ ಎಂದು ಶಾಸಕರು ಕೇಳಿದರು.

"ಇದು ನಮ್ಮನೆ ಬಚ್ಚಲಿಂದು ಸರ್. ನಿನ್ನೆ ಮಾತು ಕೊಟ್ಟಿದ್ದು ನಮ್ಮಪ್ಪ."

ಹೆಡ್ ಮೇಡಂ ಕಣ್ಣು ಮುಚ್ಚಿಕೊಂಡರು. ಶಾಸಕರು ನಿಧಾನವಾಗಿ ಇವರ ಕಡೆ ತಿರುಗಿದರು. "ಅಂದ್ರೆ ನಿನ್ನೆ ನಾನು ಇಲ್ಲಿಗೆ ಬಂದೇ ಇರಲಿಲ್ಲ?"

ಇಲ್ಲ ಸರ್, ಎಂದರು ಇವರು, ನೆಲಕ್ಕೆ.

ಶಾಸಕರು ಅಲ್ಲೇ ಇದ್ದ ಕಟ್ಟೆಯ ಮೇಲೆ ಕುಸಿದು ಕೂತು ಉದ್ದವಾಗಿ ಉಸಿರುಬಿಟ್ಟರು. "ಸದ್ಯ. ಮರೆವು ಶುರುವಾಯ್ತು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣ್ರೀ. ನಾಳೆ ಡಾಕ್ಟರ ಹತ್ತಿರ ಹೋಗೋನಿದ್ದೆ." ಆಮೇಲೆ ಬಾಗಿಲು ನೋಡಿ, "ಅದಿರಲಿ, ಚಿಲಕ ಹೊರಗಡೆ ಯಾಕೆ ಹಾಕಿದ್ರಿ?" ಎಂದರು.

"ಬೆಳಕು ಹೊರಗಡೆ ಇತ್ತು ಸರ್" ಎಂದರು ನನ್ನ ಗಂಡ.

ಮೈಕಿನ ಕೆಲಸ ಹೋಗಲಿಲ್ಲ. ಒಂದು ವಾರದೊಳಗೆ ಆ ಬಾಗಿಲಿಗೂ ಕ್ಷೇತ್ರದ ಉಳಿದ ಶಾಲೆಗಳ ಶೌಚಾಲಯದ ಬಾಗಿಲುಗಳಿಗೂ ಒಳಗಡೆ ಹೊಸ ಚಿಲಕ ಬಂತು. ಶಾಸಕರು ಈಗ ತಿಂಗಳಿಗೊಂದು ಶಾಲೆಗೆ ಹೋಗುತ್ತಾರೆ. ಮೈಕು ಬೇಡ, ಆಪ್ತ ಸಹಾಯಕರು ಗೇಟಿನ ಹೊರಗೆ ಇರಲಿ, ಹತ್ತು ಪ್ರಶ್ನೆಯ ಕಾಗದ ಅವರ ಜೇಬಿನಲ್ಲೇ ಇರಲಿ ಎನ್ನುತ್ತಾರಂತೆ. ಎಂಟು ಸಭೆಯಲ್ಲಿ ಸಿಗದ ಸುದ್ದಿ ಅಲ್ಲಿ ಅರ್ಧ ಗಂಟೆಯಲ್ಲಿ ಸಿಗುತ್ತದೆ ಎಂದು ಅವರ ಡ್ರೈವರ್ ಹೇಳಿದ. ಯಾವತ್ತೂ ಅವರಿಗೆ ಮತ ಹಾಕದ ನಮ್ಮ ದರ್ಜಿ, ಈ ಸಲ ಯೋಚನೆ ಮಾಡ್ತೀನಿ ಎಂದಿದ್ದಾರೆ. ಆ ದಿನ ಬಂದದ್ದು ಶಾಸಕರೇ, ಭದ್ರತೆಗಾಗಿ ಹಲೋಚೆಕ್ ಹೆಸರು ಹೇಳುತ್ತಿದ್ದಾರೆ ಎಂದು ಅವರು ಈಗಲೂ ನಂಬಿದ್ದಾರೆ.

ಪುಟ್ಟಿಯ ಬಾಟಲಿ ಸಂಜೆ ಖಾಲಿ ಬರುತ್ತದೆ. ನನಗೆ ಅಷ್ಟು ಸಾಕು.

ನಮ್ಮ ಹಳೆಯ ಚಿಲಕ ಮಾತ್ರ ವಾಪಸು ಬಂದಿಲ್ಲ. ಶಾಲೆಯ ಬಾಗಿಲಿಗೆ ಬಿದ್ದದ್ದು ಶಾಲೆಯ ಆಸ್ತಿಯಂತೆ, ಅದಕ್ಕೆ ಬಿಳಿ ಬಣ್ಣದಲ್ಲಿ ನಂಬರನ್ನೂ ಬರೆದಿದ್ದಾರೆ. ಇವರು ಅರ್ಜಿ ಕೊಟ್ಟಿದ್ದಾರೆ. ಹೊಸದೊಂದು ತನ್ನಿ ಎಂದರೆ, ಅರ್ಜಿ ಕೊಟ್ಟ ಮೇಲೆ ಹೊಸದು ತಂದರೆ ಅರ್ಜಿಗೆ ಬೆಲೆ ಇರಲ್ಲ ಎಂದು ವಾದಿಸುತ್ತಾರೆ. ಹಾಗಾಗಿ ದಿನಾ ಈ ಹೊತ್ತಿನಲ್ಲಿ ನಾನು ಬಚ್ಚಲುಮನೆಯ ಮುಂದೆ ಮಣೆ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂರುತ್ತೇನೆ. ಇಷ್ಟೆಲ್ಲ ಬರೆದದ್ದು ಹಾಗೆಯೇ, ಆರು ಸ್ನಾನಗಳಲ್ಲಿ.

ಒಳಗೆ ನೀರಿನ ಸದ್ದು ನಿಂತಿದೆ.

"ಇದ್ದೀಯೇನೇ?" ಎನ್ನುತ್ತಿದ್ದಾರೆ ಅತ್ತೆ.

"ಇದ್ದೀನಿ, ಅತ್ತೆ."